ಟೂ ಸ್ಟ್ರೋಕ್‌ನ ಮಣ್ಣಿನ ಹಾದಿ: ನರೆತ ತಲೆಯ ಸವಾರರ ಹಳೆಯ ನಂಟು

ಆಸ್ಟ್ರಿಯಾ ದೇಶದ ಸ್ಟೈರಿಯಾ ಪ್ರಾಂತ್ಯದಲ್ಲಿ ಐಸೆನೆರ್ಟ್ಸ್ ಎಂಬ ಪುಟ್ಟ ಊರಿದೆ. ಊರಿನ ಪಕ್ಕದಲ್ಲೇ ಕಬ್ಬಿಣದ ಅದಿರಿನ ಬೆಟ್ಟ. ಶತಮಾನಗಳಿಂದ ಅದಿರು ಅಗೆದು ಅಗೆದು ಬೆಟ್ಟವೆಲ್ಲ ಮೆಟ್ಟಿಲು ಮೆಟ್ಟಿಲಾಗಿದೆ. 1995ರಲ್ಲಿ ಇಲ್ಲಿ ಒಂದು ಮೋಟಾರ್ ಸೈಕಲ್ ಸ್ಪರ್ಧೆ ಆರಂಭವಾಯಿತು. ಹೆಸರು ಎರ್ಟ್ಸ್‌ಬರ್ಗ್ ರೋಡಿಯೊ. ಅಂತಿಮ ಓಟಕ್ಕೆ ಆಯ್ಕೆಯಾಗುವವರು 500 ಮಂದಿ. ಬಂಡೆ, ಜಲ್ಲಿ, ಕೆಸರು, ಕಾಡು, ಗೋಡೆಯಂತಹ ದಿಬ್ಬಗಳನ್ನು ದಾಟಿ ನಾಲ್ಕು ಗಂಟೆಯೊಳಗೆ ಗುರಿ ಮುಟ್ಟಬೇಕು. ಮುಟ್ಟುವವರು ಬೆರಳೆಣಿಕೆಯಷ್ಟು. 2015ರಲ್ಲಿ ಮುಂದಿದ್ದ ನಾಲ್ವರಿಗೆ ಒಂದು ಏರನ್ನು ಒಬ್ಬೊಬ್ಬರಾಗಿ ಹತ್ತಲು ಸಾಧ್ಯವಾಗಲೇ ಇಲ್ಲ. ಕೊನೆಗೆ ಒಬ್ಬರ ಬೈಕನ್ನು ಇನ್ನೊಬ್ಬರು ಎಳೆದು ಹತ್ತಿಸಿ, ನಾಲ್ವರೂ ಜೊತೆಯಾಗಿ ಗುರಿ ಸೇರಿದರು. ನಾಲ್ವರನ್ನೂ ವಿಜೇತರೆಂದು ಘೋಷಿಸಲಾಯಿತು.

2019ರಲ್ಲಿ ಈ ಬೆಟ್ಟವನ್ನು ಗೆದ್ದವರು ಇಂಗ್ಲೆಂಡಿನ ಗ್ರಹಾಂ ಜಾರ್ವಿಸ್. ಆಗ ಅವರ ವಯಸ್ಸು 44. ಇಪ್ಪತ್ತು, ಇಪ್ಪತ್ತೈದರ ಹುಡುಗರು ಹಿಂದೆ ಉಳಿದರು. ಜಾರ್ವಿಸ್ ಏರಿದ್ದು 300 ಸಿಸಿಯ ಒಂದು ಹಸ್ಕ್‌ವರ್ನಾ ಬೈಕು. ಅದು ಟೂ ಸ್ಟ್ರೋಕ್!

ಟೂ ಸ್ಟ್ರೋಕ್ ಎಂದರೆ ನಮ್ಮ ಓದುಗರಿಗೆ ತಕ್ಷಣ ನೆನಪಾಗುವುದು ಯೆಜ್ಡಿ, ರಾಜದೂತ್, ಆರ್‌ಎಕ್ಸ್ 100. ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲಿನ ಜೊತೆಗೆ ಅಳತೆ ಮಾಡಿ ಆಯಿಲ್ ಹಾಕಿಸುತ್ತಿದ್ದ ದಿನಗಳು, ನೀಲಿ ಹೊಗೆ, ಮೂಗಿಗೆ ಅಡರುವ ಸುಟ್ಟ ಎಣ್ಣೆಯ ವಾಸನೆ. ರಸ್ತೆಯಿಂದ ಅದು ಮರೆಯಾಗಿ ಬಹಳ ಕಾಲವಾಯಿತು. ಕಾಲ ಮುಗಿಯಿತೆಂದು ಎಲ್ಲರೂ ತಿಳಿದ ಎಂಜಿನ್ ಮಣ್ಣಿನ ಹಾದಿಯಲ್ಲಿ ಮಾತ್ರ ಹೇಗೆ ಉಳಿಯಿತು? ಅದರಲ್ಲೂ ಅಮೆರಿಕ, ಯೂರೋಪುಗಳಲ್ಲಿ ಐವತ್ತು, ಅರವತ್ತು ದಾಟಿದ ಹವ್ಯಾಸಿ ಸವಾರರು, ಸೊಂಟನೋವು ಮೊಣಕಾಲುನೋವುಗಳ ನಡುವೆಯೂ, ಇದನ್ನೇ ಹುಡುಕಿಕೊಂಡು ಬರುವುದೇಕೆ? ಹಾಗೆ ಬಂದವರು ಆರಿಸಿಕೊಳ್ಳುವಾಗ ಏನನ್ನು ನೋಡಬೇಕು? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ನೂರು ವರ್ಷಕ್ಕೂ ಹಿಂದೆ ಹೋಗಬೇಕು.

ಎರಡೇ ಹೊಡೆತದ ಲೆಕ್ಕ

ಎಂಜಿನ್ ಮಾಡುವ ಕೆಲಸ ನಾಲ್ಕು. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುವುದು, ಅದನ್ನು ಅದುಮುವುದು, ಕಿಡಿ ಹೊತ್ತಿಸಿ ಉರಿಸುವುದು, ಉರಿದ ಹೊಗೆಯನ್ನು ಹೊರದೂಡುವುದು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದೊಂದು ಕೆಲಸಕ್ಕೂ ಪಿಸ್ಟನ್ನಿನ ಒಂದೊಂದು ಓಡಾಟ. ಅಂದರೆ ಎಂಜಿನ್ ಎರಡು ಸುತ್ತು ತಿರುಗಿದಾಗ ಒಮ್ಮೆ ಮಾತ್ರ ಶಕ್ತಿ ಹುಟ್ಟುತ್ತದೆ. ಟೂ ಸ್ಟ್ರೋಕ್ ಈ ನಾಲ್ಕು ಕೆಲಸಗಳನ್ನೂ ಎರಡೇ ಓಡಾಟದಲ್ಲಿ ಮುಗಿಸುತ್ತದೆ. ಪ್ರತಿ ಸುತ್ತಿಗೂ ಒಂದು ಸ್ಫೋಟ. ಅದೇ ಅಳತೆಯ ಎಂಜಿನ್ನಿನಿಂದ ಹೆಚ್ಚು ಶಕ್ತಿ ಬರುವ ಗುಟ್ಟು ಇಲ್ಲಿದೆ.

ಇನ್ನೊಂದು ಅನುಕೂಲ ಹಗುರತನ. ಫೋರ್ ಸ್ಟ್ರೋಕ್‌ನ ತಲೆಯಲ್ಲಿ ವಾಲ್ವುಗಳು, ಅವುಗಳನ್ನು ತೆರೆಯುವ ಕ್ಯಾಮ್, ಅದನ್ನು ತಿರುಗಿಸುವ ಚೈನು ಎಲ್ಲ ಇರಬೇಕು. ಟೂ ಸ್ಟ್ರೋಕ್‌ಗೆ ಇವು ಬೇಡ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ತೆರೆಯುತ್ತದೆ, ಮುಚ್ಚುತ್ತದೆ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ - ಓಡಾಡುವ ಮುಖ್ಯ ಭಾಗಗಳು ಮೂರೇ.

ಆದರೆ ಈ ಸರಳತೆಗೆ ತೆರಬೇಕಾದ ದಂಡವೂ ಇದೆ. ಒಳಬರುವ ಹೊಸ ಮಿಶ್ರಣವೇ ಹಳೆಯ ಹೊಗೆಯನ್ನು ಹೊರದೂಡಬೇಕು. ಆ ಗಡಿಬಿಡಿಯಲ್ಲಿ ಹೊಸ ಮಿಶ್ರಣದ ಒಂದು ಪಾಲು ಉರಿಯದೆ ಹೊಗೆಯ ಜೊತೆಗೇ ಹೊರಹೋಗುತ್ತದೆ. ಕಾರ್ಬುರೇಟರ್ ಇರುವ ಸಾದಾ ಎಂಜಿನ್ನಿನಲ್ಲಿ ಹೀಗೆ ವ್ಯರ್ಥವಾಗುವುದು ಸಣ್ಣ ಪ್ರಮಾಣವೇನಲ್ಲ. ಮಿಶ್ರಣ ಕ್ರ್ಯಾಂಕ್ ಕೇಸಿನ ಮೂಲಕವೇ ಹಾದುಹೋಗುವುದರಿಂದ ಅಲ್ಲಿ ಬೇರೆಯಾಗಿ ಆಯಿಲ್ ತುಂಬಿಡುವಂತಿಲ್ಲ. ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಅದು ಉರಿದು ಹೊಗೆಯಾಗುತ್ತದೆ. ಟೂ ಸ್ಟ್ರೋಕ್‌ನ ಉತ್ಕರ್ಷ ಮತ್ತು ಪತನ ಎರಡಕ್ಕೂ ಕಾರಣ ಈ ಒಂದೇ ರಚನೆ.

ಬಾತ್ ನಗರದಿಂದ ಶೋಪಾವ್‌ವರೆಗೆ

ಸ್ಕಾಟ್ಲೆಂಡಿನ ಎಂಜಿನಿಯರ್ ಡುಗಾಲ್ಡ್ ಕ್ಲರ್ಕ್ 1881ರಲ್ಲಿ ಎರಡು ಹೊಡೆತದ ಎಂಜಿನ್ನಿಗೆ ಪೇಟೆಂಟ್ ಪಡೆದರು. ಅದು ಬೇರೆ ಪಂಪ್ ಬೇಡುತ್ತಿದ್ದ ದೊಡ್ಡ ಯಂತ್ರ. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ 1891ರ ಸುಮಾರಿಗೆ ಕ್ರ್ಯಾಂಕ್ ಕೇಸನ್ನೇ ಪಂಪಿನಂತೆ ಬಳಸುವ ಉಪಾಯ ಕಂಡುಕೊಂಡರು. ಅವರ ಕಾರ್ಖಾನೆಯ ಕೆಲಸಗಾರ ಫ್ರೆಡರಿಕ್ ಕಾಕ್ ಅದನ್ನು ಇನ್ನಷ್ಟು ಸರಳಗೊಳಿಸಿ, ವಾಲ್ವುಗಳೇ ಇಲ್ಲದ ಎಂಜಿನ್ ಮಾಡಿದರು. ನಮ್ಮ ಯೆಜ್ಡಿಯವರೆಗೂ ಹರಿದುಬಂದ ವಂಶದ ಮೂಲಪುರುಷ ಇದೇ. ಯಾರ್ಕ್‌ಶೈರಿನ ಆಲ್ಫ್ರೆಡ್ ಸ್ಕಾಟ್ ತಯಾರಿಸಿದ ಟೂ ಸ್ಟ್ರೋಕ್ ಬೈಕುಗಳು 1912 ಮತ್ತು 1913ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಟಿಟಿ ಪಂದ್ಯವನ್ನು ಗೆದ್ದು ಎಲ್ಲರ ಹುಬ್ಬೇರಿಸಿದವು.

ಇದನ್ನು ಬಡವರ ವಾಹನವಾಗಿಸಿದ್ದು ಜರ್ಮನಿ. ಸ್ಯಾಕ್ಸನಿಯ ಶೋಪಾವ್ ಎಂಬ ಊರಿನಲ್ಲಿ ಡೆನ್ಮಾರ್ಕ್ ಮೂಲದ ರಾಸ್ಮುಸೆನ್ ಕಟ್ಟಿದ ಡಿಕೆಡಬ್ಲ್ಯು ಕಂಪೆನಿ 1920ರ ದಶಕದ ಕೊನೆಗೆ ಜಗತ್ತಿನ ಅತಿ ದೊಡ್ಡ ಮೋಟಾರ್ ಸೈಕಲ್ ತಯಾರಕನಾಗಿತ್ತು. ಆಗಿನ ಪಿಸ್ಟನ್ನುಗಳ ತಲೆಯ ಮೇಲೆ ಒಂದು ಗುಬ್ಬಿಯಿರುತ್ತಿತ್ತು. ಹೊಸ ಮಿಶ್ರಣ ನೇರವಾಗಿ ಹೊರಗೋಡದಂತೆ ತಡೆಯಲು ಅದು ಬೇಕಿತ್ತು. ಆದರೆ ಆ ಗುಬ್ಬಿ ಕಾದು ತೊಂದರೆ ಕೊಡುತ್ತಿತ್ತು. 1920ರ ದಶಕದ ಮಧ್ಯದಲ್ಲಿ ಅಡಾಲ್ಫ್ ಶ್ನ್ಯೂರ್ಲೆ ಎಂಬ ಎಂಜಿನಿಯರ್ ಕಿಂಡಿಗಳನ್ನೇ ಓರೆಯಾಗಿ ಕೊರೆದು, ಮಿಶ್ರಣ ಸಿಲಿಂಡರಿನೊಳಗೆ ಸುರುಳಿ ಸುತ್ತಿ ಬರುವಂತೆ ಮಾಡಿದರು. ಗುಬ್ಬಿ ಮಾಯವಾಯಿತು, ಶಕ್ತಿ ಹೆಚ್ಚಿತು.

ಈ ಪದ್ಧತಿಯ ಮೇಲೆ 1939ರಲ್ಲಿ ಬಂದ ಡಿಕೆಡಬ್ಲ್ಯು ಆರ್‌ಟಿ 125 ಬೈಕಿನ ಕತೆ ಸ್ವಾರಸ್ಯಕರ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅದರ ವಿನ್ಯಾಸ ಗೆದ್ದವರ ಪಾಲಾಯಿತು. ಇಂಗ್ಲೆಂಡಿನಲ್ಲಿ ಬಿಎಸ್‌ಎ ಬ್ಯಾಂಟಮ್, ಅಮೆರಿಕದಲ್ಲಿ ಹಾರ್ಲೆ ಡೇವಿಡ್‌ಸನ್ನಿನ 125, ರಷ್ಯಾದಲ್ಲಿ ಮಾಸ್ಕ್ವಾ ಎಂದು ಅದೇ ಬೈಕು ಬೇರೆ ಬೇರೆ ಹೆಸರಿನಲ್ಲಿ ಹುಟ್ಟಿತು. 1955ರಲ್ಲಿ ಜಪಾನಿನ ಯಮಹಾ ತನ್ನ ಮೊಟ್ಟಮೊದಲ ಬೈಕು ಮಾಡಿದ್ದೂ ಇದೇ ಮಾದರಿಯಲ್ಲಿ.

ಒಂದು ಪಲಾಯನ, ಒಂದು ಹೊಟ್ಟೆಯ ಪೈಪು

ಯುದ್ಧಾನಂತರ ಶೋಪಾವ್ ಕಾರ್ಖಾನೆ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರದ ಕೈಸೇರಿ ಎಂಜೆಡ್ ಎಂಬ ಹೆಸರು ಪಡೆಯಿತು. ಅಲ್ಲಿನ ರೇಸಿಂಗ್ ವಿಭಾಗದ ಎಂಜಿನಿಯರ್ ವಾಲ್ಟರ್ ಕಾಡೆನ್. ಹೊಗೆ ಹೊರಹೋಗುವಾಗ ಪೈಪಿನಲ್ಲಿ ಒತ್ತಡದ ಅಲೆಗಳು ಹುಟ್ಟುತ್ತವೆ. ಪೈಪನ್ನು ಮಧ್ಯದಲ್ಲಿ ಹೊಟ್ಟೆಯಂತೆ ಉಬ್ಬಿಸಿ ಮತ್ತೆ ಕಿರಿದುಗೊಳಿಸಿದರೆ ಆ ಅಲೆ ಹಿಂತಿರುಗಿ ಬಂದು, ಓಡಿಹೋಗುತ್ತಿರುವ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿನೊಳಕ್ಕೆ ತಳ್ಳುತ್ತದೆ. ಈ ಲೆಕ್ಕಾಚಾರವನ್ನು ಕಾಡೆನ್ ಪಳಗಿಸಿಕೊಂಡರು. 1961ರಲ್ಲಿ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ನೀಡಿತು. ಒಂದು ಲೀಟರ್ ಗಾತ್ರಕ್ಕೆ 200 ಅಶ್ವಶಕ್ತಿಯ ಲೆಕ್ಕವಿದು. ಇಂದಿಗೂ ಟೂ ಸ್ಟ್ರೋಕ್ ಮಣ್ಣಿನ ಬೈಕಿನ ಮುಂಬದಿಯಲ್ಲಿ ಕಾಣುವ ಹೊಟ್ಟೆ ಉಬ್ಬಿದ ಪೈಪು ಆ ಸಂಶೋಧನೆಯ ಕುರುಹು.

ಅದೇ 1961ರಲ್ಲಿ ಎಂಜೆಡ್ ಸವಾರ ಎರ್ನ್‌ಸ್ಟ್ ಡೆಗ್ನರ್ ವಿಶ್ವ ಚಾಂಪಿಯನ್ ಪಟ್ಟದ ಹೊಸ್ತಿಲಲ್ಲಿದ್ದಾಗ ಸ್ವೀಡನ್ನಿನ ಪಂದ್ಯದ ನಂತರ ಪಶ್ಚಿಮಕ್ಕೆ ಪಲಾಯನ ಮಾಡಿದರು. ಹೆಂಡತಿ ಮಕ್ಕಳನ್ನು ಮೊದಲೇ ಗಡಿ ದಾಟಿಸುವ ಏರ್ಪಾಡಾಗಿತ್ತು. ಡೆಗ್ನರ್ ಜೊತೆಗೆ ಕಾಡೆನ್ನರ ವಿದ್ಯೆಯೂ ಜಪಾನಿನ ಸುಜುಕಿ ಕಂಪೆನಿ ಸೇರಿತು. ಮರುವರ್ಷವೇ ಡೆಗ್ನರ್ ಸುಜುಕಿಯ ಮೇಲೆ 50 ಸಿಸಿ ವಿಶ್ವ ಚಾಂಪಿಯನ್ ಆದರು. ಜಪಾನೀಯರ ಟೂ ಸ್ಟ್ರೋಕ್ ಯುಗ ಆರಂಭವಾದದ್ದು ಹೀಗೆ. ಕಾಡೆನ್ ಮಾತ್ರ ಪೂರ್ವ ಜರ್ಮನಿಯಲ್ಲೇ ಉಳಿದರು.

ಕೆಸರಿಗೆ ಇಳಿದ ಹಗುರ ಬೈಕು

ಮಣ್ಣಿನ ಮೇಲೆ ಬೈಕ್ ಓಡಿಸುವ ಪಂದ್ಯ ಇಂಗ್ಲೆಂಡಿನಲ್ಲಿ 1924ರಷ್ಟು ಹಿಂದೆಯೇ ಇತ್ತು. 1950ರ ದಶಕದಲ್ಲಿ ಯೂರೋಪಿನ ಮೋಟೊಕ್ರಾಸ್ ಕಣಗಳಲ್ಲಿ ಮೆರೆಯುತ್ತಿದ್ದುದು 500 ಸಿಸಿಯ ಭಾರೀ ಫೋರ್ ಸ್ಟ್ರೋಕ್ ಯಂತ್ರಗಳು. ಅವುಗಳನ್ನು ಪಳಗಿಸಲು ಪೈಲ್ವಾನರೇ ಬೇಕಿತ್ತು. ಸ್ವೀಡನ್ನಿನ ಟಾರ್ಸ್ಟನ್ ಹಾಲ್‌ಮನ್ ಹಗುರವಾದ ಹಸ್ಕ್‌ವರ್ನಾ ಟೂ ಸ್ಟ್ರೋಕ್ ಏರಿ 250 ಸಿಸಿ ವಿಭಾಗದಲ್ಲಿ 1962, 1963, 1966 ಮತ್ತು 1967ರಲ್ಲಿ ವಿಶ್ವ ಚಾಂಪಿಯನ್ ಆದರು. 1966ರಲ್ಲಿ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ ಚೆಕೊಸ್ಲೊವಾಕಿಯಾದ ಸಿಜೆಡ್ ಟೂ ಸ್ಟ್ರೋಕ್ ಮೇಲೆ 500 ಸಿಸಿ ಪಟ್ಟವನ್ನೇ ಗೆದ್ದಾಗ ಭಾರದ ಯುಗ ಮುಗಿಯಿತು. ಕಡಿಮೆ ತೂಕದ ಬೈಕು ಕೆಸರಿನಲ್ಲಿ ಹೂತರೂ ಎತ್ತಬಹುದು, ಗಾಳಿಯಲ್ಲಿ ಹಾರಿದರೂ ತಿರುಗಿಸಬಹುದು, ಬಿದ್ದರೂ ಬೇಗ ಎಬ್ಬಿಸಬಹುದು. ಯುವಕರಿಗೆ ಅಂದು ಗೆಲುವು ತಂದ ಈ ಗುಣವೇ ಇಂದು ವಯಸ್ಸಾದವರನ್ನು ಸೆಳೆಯುತ್ತಿದೆ.

ಇಲ್ಲಿ ನಮ್ಮ ನಾಡಿಗೂ ಒಂದು ಎಳೆ ಕೂಡುತ್ತದೆ. ಸಿಜೆಡ್ ಮತ್ತು ಜಾವಾ ಚೆಕ್ ನಾಡಿನ ಸೋದರ ಹೆಸರುಗಳು. ಇರಾನಿ ಕುಟುಂಬ ಸ್ಥಾಪಿಸಿದ ಐಡಿಯಲ್ ಜಾವಾ ಕಂಪೆನಿ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಜಾವಾ ಬೈಕುಗಳ ತಯಾರಿಕೆ ಆರಂಭಿಸಿತು. 1970ರ ದಶಕದಲ್ಲಿ ಅದೇ ಬೈಕಿನ ವಂಶ ಯೆಜ್ಡಿ ಎಂಬ ಹೆಸರು ಪಡೆಯಿತು. ಮೈಸೂರಿನ ಬೈಕು ರಸ್ತೆಗೆಂದು ಮಾಡಿದ್ದು, ಮೋಟೊಕ್ರಾಸಿಗಲ್ಲ. ಆದರೆ ಹೊಲದ ಬದುವಿನ ಮೇಲೆ, ಕಾಫಿ ತೋಟದ ಏರಿನಲ್ಲಿ, ಮಳೆಗಾಲದ ಮಲೆನಾಡಿನ ಕೆಸರಿನಲ್ಲಿ ಅದು ಓಡಿದ ಓಟ ಕಂಡವರು, ಟೂ ಸ್ಟ್ರೋಕ್ ಮಣ್ಣಿಗೆ ಏಕೆ ಒಗ್ಗಿತು ಎಂಬುದನ್ನು ಪುಸ್ತಕ ಓದದೆಯೇ ಬಲ್ಲರು.

ಒಂದು ಚಿತ್ರದ ಪೀಳಿಗೆ

ಅಮೆರಿಕಕ್ಕೆ ಮೋಟೊಕ್ರಾಸ್ ಹುಚ್ಚು ಹತ್ತಿಸಿದವರಲ್ಲಿ ಮುಖ್ಯರು ಕ್ಯಾಲಿಫೋರ್ನಿಯಾದ ಎಡಿಸನ್ ಡೈ. ಹಸ್ಕ್‌ವರ್ನಾ ಬೈಕುಗಳನ್ನು ಆಮದು ಮಾಡುತ್ತಿದ್ದ ಅವರು 1966ರಲ್ಲಿ ಹಾಲ್‌ಮನ್ನರನ್ನು ಕರೆಸಿ ಅಲ್ಲಿನ ಸವಾರರೆದುರು ಓಡಿಸಿದರು. 1968ರಲ್ಲಿ ಯಮಹಾ ಡಿಟಿ-1 ಎಂಬ 250 ಸಿಸಿ ಬೈಕು ತಂದಿತು. ವಾರವಿಡೀ ಕೆಲಸಕ್ಕೆ ಹೋಗಿಬರಲು, ಭಾನುವಾರ ಕಾಡುದಾರಿ ಹಿಡಿಯಲು ಒಂದೇ ಬೈಕು ಸಾಕು ಎಂಬುದನ್ನು ಅದು ಜನಸಾಮಾನ್ಯರಿಗೆ ತೋರಿಸಿಕೊಟ್ಟಿತು. 1971ರಲ್ಲಿ ಬ್ರೂಸ್ ಬ್ರೌನ್ ನಿರ್ದೇಶಿಸಿದ 'ಆನ್ ಎನಿ ಸಂಡೇ' ಎಂಬ ಸಾಕ್ಷ್ಯಚಿತ್ರ ಬಂತು. ಹಾಲಿವುಡ್ ನಟ ಸ್ಟೀವ್ ಮೆಕ್‌ಕ್ವೀನ್, ಮರುಭೂಮಿ ಸವಾರ ಮಾಲ್ಕಂ ಸ್ಮಿತ್ ಅದರಲ್ಲಿ ಹಸ್ಕ್‌ವರ್ನಾ ಟೂ ಸ್ಟ್ರೋಕ್ ಏರಿ ಮರಳದಿಣ್ಣೆಗಳ ಮೇಲೆ ಮಕ್ಕಳಂತೆ ಆಡಿದರು. ಟೂ ಸ್ಟ್ರೋಕ್ ಕಂಡರಾಗದ ಸೊಯಿಚಿರೊ ಹೋಂಡಾ ಅವರ ಕಂಪೆನಿಯೂ ಕೊನೆಗೆ ಮಣಿದು 1973ರಲ್ಲಿ ಎಲ್ಸಿನೋರ್ ಎಂಬ 250 ಸಿಸಿ ಟೂ ಸ್ಟ್ರೋಕ್ ಮೋಟೊಕ್ರಾಸ್ ಬೈಕನ್ನು ಮಾರುಕಟ್ಟೆಗೆ ಬಿಟ್ಟಿತು.

ಆ ಚಿತ್ರ ನೋಡಿದ ಹತ್ತು, ಹನ್ನೆರಡು ವಯಸ್ಸಿನ ಹುಡುಗರು ಇಂದು ಅರವತ್ತು ದಾಟಿದ್ದಾರೆ. ಹರೆಯದಲ್ಲಿ ಬೈಕು ಓಡಿಸಿ, ಮದುವೆ, ನೌಕರಿ, ಮನೆಯ ಸಾಲ, ಮಕ್ಕಳ ಓದು ಎಂದು ಮೂವತ್ತು ವರ್ಷ ಅದನ್ನು ಮರೆತು, ಜವಾಬ್ದಾರಿ ತೀರಿದ ಮೇಲೆ ಮತ್ತೆ ಶೆಡ್ಡಿನ ಬಾಗಿಲು ತೆಗೆದವರು ಇವರು. ದಕ್ಷಿಣ ಕ್ಯಾಲಿಫೋರ್ನಿಯಾದ ಗ್ಲೆನ್ ಹೆಲೆನ್ ಕಣದಲ್ಲಿ ಹಿರಿಯ ಸವಾರರಿಗೆಂದೇ ಪಂದ್ಯಗಳಿವೆ. ಮೂವತ್ತು, ನಲವತ್ತು, ಐವತ್ತು ದಾಟಿದವರು ಎಂಬ ವಿಭಾಗಗಳು ಸಾಲದೆ ಅರವತ್ತು, ಎಪ್ಪತ್ತು ದಾಟಿದವರದೂ ಇವೆ. ಮಾಲ್ಕಂ ಸ್ಮಿತ್ 2024ರಲ್ಲಿ ತೀರಿಕೊಂಡಾಗ ಈ ಪೀಳಿಗೆ ತನ್ನ ಮನೆಯ ಹಿರಿಯನನ್ನೇ ಕಳೆದುಕೊಂಡಂತೆ ದುಃಖಿಸಿತು.

ಅವಸಾನ ಮತ್ತು ಮರುಹುಟ್ಟು

ಟೂ ಸ್ಟ್ರೋಕ್‌ಗೆ ಪೆಟ್ಟು ಎರಡು ಕಡೆಯಿಂದ ಬಿತ್ತು. ಮೊದಲನೆಯದು ಹೊಗೆಯ ಕಾನೂನು. ಭಾರತದಲ್ಲಿ 1996 ಮತ್ತು 2000ದಲ್ಲಿ ಹೊಗೆ ನಿಯಮ ಬಿಗಿಯಾದವು. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆರ್‌ಎಕ್ಸ್ 100 ಉತ್ಪಾದನೆ ನಿಂತದ್ದೂ ಅದೇ ವರ್ಷ. ಕ್ಯಾಲಿಫೋರ್ನಿಯಾ ರಾಜ್ಯ 1990ರ ದಶಕದ ಕೊನೆಯಲ್ಲಿ ಹೊಗೆ ನಿಯಮಕ್ಕೆ ಹೊಂದದ ಮಣ್ಣಿನ ಬೈಕುಗಳಿಗೆ ಕೆಂಪು ಚೀಟಿ ಅಂಟಿಸಿ, ಕೆಲವು ಸರ್ಕಾರಿ ಜಾಗಗಳಲ್ಲಿ ವರ್ಷದ ಕೆಲವೇ ತಿಂಗಳು ಓಡಿಸಲು ಅವಕಾಶ ಕೊಟ್ಟಿತು.

ಎರಡನೆಯ ಪೆಟ್ಟು ಪಂದ್ಯದ ನಿಯಮದ್ದು. 250 ಸಿಸಿ ಟೂ ಸ್ಟ್ರೋಕ್ ಎದುರು ಅದಕ್ಕಿಂತ ಬಹಳ ದೊಡ್ಡ ಫೋರ್ ಸ್ಟ್ರೋಕ್ ಓಡಬಹುದೆಂದು ಅಮೆರಿಕದ ನಿಯಮ ಅವಕಾಶ ಕೊಟ್ಟಿತು. 1997ರಲ್ಲಿ ಲಾಸ್ ವೇಗಸ್ ಸೂಪರ್‌ಕ್ರಾಸ್ ಪಂದ್ಯವನ್ನು ಡಗ್ ಹೆನ್ರಿ ಯಮಹಾದ 400 ಸಿಸಿ ಫೋರ್ ಸ್ಟ್ರೋಕ್ ಮೇಲೆ ಗೆದ್ದರು. ಮರುವರ್ಷ ಅದು ಮಾರಾಟಕ್ಕೆ ಬಂತು. ಮುಂದೆ 450ರ ಫೋರ್ ಸ್ಟ್ರೋಕ್ 250ರ ಟೂ ಸ್ಟ್ರೋಕನ್ನೂ, 250ರ ಫೋರ್ ಸ್ಟ್ರೋಕ್ 125ರ ಟೂ ಸ್ಟ್ರೋಕನ್ನೂ ಕಣದಿಂದ ಹೊರದಬ್ಬಿದವು. ಹೋಂಡಾ ತನ್ನ ಟೂ ಸ್ಟ್ರೋಕ್ ಮೋಟೊಕ್ರಾಸ್ ಬೈಕುಗಳನ್ನು 2007ರ ಮಾದರಿಯೊಂದಿಗೆ ನಿಲ್ಲಿಸಿತು. ಸುಜುಕಿ, ಕವಾಸಾಕಿಗಳೂ ದೊಡ್ಡ ಟೂ ಸ್ಟ್ರೋಕ್‌ಗಳನ್ನು ಕೈಬಿಟ್ಟವು. ಯಮಹಾ ಒಂದು ಮಾತ್ರ ತನ್ನ ವೈಜೆಡ್ ಸರಣಿಯನ್ನು ಬಿಡಲಿಲ್ಲ.

ಉಳಿಸಿದ್ದು ಯೂರೋಪಿನ ಸಣ್ಣ ಕಂಪೆನಿಗಳು. ಆಸ್ಟ್ರಿಯಾದ ಕೆಟಿಎಂ, ಇಟಲಿಯ ಬೀಟಾ ಮತ್ತು ಟಿಎಂ, ಫ್ರಾನ್ಸಿನ ಶೆರ್ಕೊ, ಸ್ಪೇನಿನ ಗ್ಯಾಸ್‌ಗ್ಯಾಸ್. ಕಾಡು, ಬಂಡೆ, ಕಡಿದಾದ ಏರಿನ ಎಂಡ್ಯೂರೊ ಸ್ಪರ್ಧೆಗಳಲ್ಲಿ ಟೂ ಸ್ಟ್ರೋಕ್‌ಗೆ ಸರಿಸಾಟಿ ಇಲ್ಲವೆಂದು ಅವು ಕಂಡುಕೊಂಡವು. 2017ರಲ್ಲಿ ಕೆಟಿಎಂ ಕಾರ್ಬುರೇಟರ್ ಬದಲು ಪೆಟ್ರೋಲನ್ನು ಎಲೆಕ್ಟ್ರಾನಿಕ್ ಲೆಕ್ಕದಲ್ಲಿ ಚಿಮ್ಮಿಸುವ ಟೂ ಸ್ಟ್ರೋಕ್ ಎಂಡ್ಯೂರೊ ಬೈಕುಗಳನ್ನು ತಂದಿತು. ಆಯಿಲ್‌ಗೆ ಬೇರೆ ಡಬ್ಬಿ, ಬೆರೆಸುವ ಕೆಲಸ ಯಂತ್ರದ್ದೇ. ಹೊಗೆ ಕಡಿಮೆ, ಪೆಟ್ರೋಲ್ ಖರ್ಚೂ ಕಡಿಮೆ. ಕೆಟಿಎಂನಲ್ಲಿ 2007ರಿಂದಲೂ ಭಾರತದ ಬಜಾಜ್ ಕಂಪೆನಿಯ ಹಣವಿದೆ. 2024ರ ಕೊನೆಗೆ ಅದು ದಿವಾಳಿ ಪ್ರಕ್ರಿಯೆಗೆ ಸಿಕ್ಕಿದಾಗ, 2025ರಲ್ಲಿ ಬಜಾಜ್ ಒದಗಿಸಿದ ಹಣವೇ ಅದನ್ನು ಪಾರುಮಾಡಿತು. ಮೈಸೂರಿನ ಕಾರ್ಖಾನೆ ಮುಚ್ಚಿ ಮೂರು ದಶಕಗಳಾಗುವ ಹೊತ್ತಿಗೆ, ಜಗತ್ತಿನ ಪ್ರಮುಖ ಟೂ ಸ್ಟ್ರೋಕ್ ತಯಾರಕನೊಬ್ಬನ ಉಳಿವು ಪುಣೆಯ ಕೈಗೆ ಬಂದದ್ದು ಕಾಲದ ವಿಚಿತ್ರ.

ಯಾವುದನ್ನು ಆರಿಸಬೇಕು?

ಈ ಇತಿಹಾಸವೆಲ್ಲ ಐವತ್ತು ದಾಟಿದ ಸವಾರನ ಆಯ್ಕೆಯಲ್ಲಿ ಬಂದು ಸೇರುತ್ತದೆ. ಹಲವರು ಮಾಡುವ ಮೊದಲ ತಪ್ಪು, ವಯಸ್ಸಾಯಿತು, ಸಣ್ಣದೇ ಸಾಕು ಎಂದು 125 ಸಿಸಿ ಕೊಳ್ಳುವುದು. ಅದು ಹಗುರ ನಿಜ. ಆದರೆ ಅದರ ಶಕ್ತಿಯೆಲ್ಲ ಎಂಜಿನ್ ಕಿರುಚುವ ವೇಗದಲ್ಲಿ ಮಾತ್ರ. ಸದಾ ಕ್ಲಚ್ ಹಿಡಿದು, ಗೇರು ಬದಲಿಸುತ್ತ, ಎಂಜಿನ್ನಿನ ಕೂಗು ಇಳಿಯದಂತೆ ನೋಡಿಕೊಳ್ಳಬೇಕು. ತೊಂಬತ್ತು ಕಿಲೋ ತೂಕದ ಹಿರಿಯರು ಏರಿನಲ್ಲಿ ಅರ್ಧ ಗಂಟೆಗೇ ಸೋತುಹೋಗುತ್ತಾರೆ. 250ರ ಮೋಟೊಕ್ರಾಸ್ ಬೈಕು ಇದಕ್ಕೆ ವಿರುದ್ಧ. ಶಕ್ತಿ ಒಮ್ಮೆಗೇ ನುಗ್ಗಿ ಬರುತ್ತದೆ. ಕೈ ಸ್ವಲ್ಪ ಹೆಚ್ಚು ತಿರುಗಿದರೆ ಬೈಕು ಸವಾರನನ್ನು ಬಿಟ್ಟು ಮುಂದೆ ಹೋಗುತ್ತದೆ.

ವಿಚಿತ್ರವೆಂದರೆ ಇನ್ನೂ ದೊಡ್ಡದಾದ 300ರ ಎಂಡ್ಯೂರೊ ಬೈಕೇ ಹೆಚ್ಚು ಸಾಧು. ಕೆಟಿಎಂನ 250ರಲ್ಲಿ ಸಿಲಿಂಡರಿನ ಅಗಲ 66.4 ಮಿಲಿಮೀಟರ್, ಪಿಸ್ಟನ್ ಓಡಾಟ 72. ಅಗಲವನ್ನೂ 72ಕ್ಕೆ ಹಿಗ್ಗಿಸಿದರೆ ಅದೇ 300 ಆಗುತ್ತದೆ. ಬೈಕಿನ ತೂಕ ಹೆಚ್ಚುಕಡಿಮೆ ಅಷ್ಟೇ, ಆದರೆ ನಿಧಾನವಾಗಿ ತಿರುಗುವಾಗಲೂ ಎಳೆಯುವ ಬಲ ಹೆಚ್ಚು. ಗೇರು ಬದಲಿಸದೆ, ಎತ್ತಿನ ಗಾಡಿಯಂತೆ ಗುಡ್ಡ ಹತ್ತಿಸಬಹುದು. ಎರ್ಟ್ಸ್‌ಬರ್ಗ್‌ನಲ್ಲಿ ಜಾರ್ವಿಸ್ ಗೆದ್ದದ್ದೂ ಅವಸರದಿಂದಲ್ಲ, ಇಂತಹ ನಿಧಾನದ ಬಲದಿಂದ. ಸಣ್ಣ ಮೈಕಟ್ಟಿನವರಿಗೆ ಬೀಟಾದ 200ರಂತಹ ನಡುವಿನ ಬೈಕುಗಳೂ ಇವೆ.

ಎರಡನೆಯದು ಮೋಟೊಕ್ರಾಸ್ ಮತ್ತು ಎಂಡ್ಯೂರೊಗಳ ವ್ಯತ್ಯಾಸ. ಮೋಟೊಕ್ರಾಸ್ ಬೈಕಿನ ಸಸ್ಪೆನ್ಷನ್ ಎತ್ತರದಿಂದ ಹಾರಿ ಇಳಿಯಲೆಂದು ಗಡುಸಾಗಿರುತ್ತದೆ, ದೀಪವಿರುವುದಿಲ್ಲ, ಪೆಟ್ರೋಲ್ ಟ್ಯಾಂಕು ಚಿಕ್ಕದು, ಹಿಂದಿನ ಚಕ್ರ 19 ಇಂಚು. ಎಂಡ್ಯೂರೊ ಬೈಕಿನದು ಮೆತ್ತಗಿನ ಸಸ್ಪೆನ್ಷನ್, ಹಿಂದೆ 18 ಇಂಚಿನ ಚಕ್ರ, ಬಂಡೆಯ ಪೆಟ್ಟು ತಾಳುವ ದಪ್ಪ ಟಯರು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಮೋಟೊಕ್ರಾಸ್ ಬೈಕು ಕೊಂಡು ಕಲ್ಲುದಾರಿಗೆ ಇಳಿದವರ ಸೊಂಟ, ಮಣಿಕಟ್ಟು ಮರುದಿನ ಲೆಕ್ಕ ಒಪ್ಪಿಸುತ್ತವೆ. ಸ್ಪ್ರಿಂಗುಗಳು ಸವಾರನ ತೂಕಕ್ಕೆ ಹೊಂದಬೇಕು. ಎಂಜಿನ್ನಿನ ಶಕ್ತಿ ಹೆಚ್ಚಿಸಲು ಸುರಿಯುವ ಹಣದ ಒಂದು ಪಾಲನ್ನು ಸರಿಯಾದ ಸ್ಪ್ರಿಂಗಿಗೆ ಹಾಕಿದರೆ ಮೈ ಉಳಿಯುತ್ತದೆ.

ಮೂರನೆಯದು ಎತ್ತರ. ಈ ಬೈಕುಗಳ ಸೀಟು ನೆಲದಿಂದ ಸುಮಾರು 95 ಸೆಂಟಿಮೀಟರ್ ಮೇಲಿರುತ್ತದೆ. ಸಾಧಾರಣ ಎತ್ತರದವರಿಗೆ ಅದು ಸೊಂಟದ ಮಟ್ಟ. ಇಪ್ಪತ್ತರ ಹುಡುಗ ಕಾಲು ಎತ್ತಿ ಹಾಕಿದಷ್ಟು ಸುಲಭವಾಗಿ ಅರವತ್ತರವರು ಹಾಕಲಾರರು. ಇಳಿಜಾರಿನಲ್ಲಿ ನಿಂತಾಗ ಒಂದು ಕಾಲು ನೆಲಕ್ಕೆ ಸಿಗದಿದ್ದರೆ ಬೈಕು ವಾಲುತ್ತದೆ. ಸೀಟಿನ ಸ್ಪಂಜು ಕತ್ತರಿಸಿ, ಸಸ್ಪೆನ್ಷನ್ ತಗ್ಗಿಸಿ ಕೆಲವು ಸೆಂಟಿಮೀಟರ್ ಇಳಿಸಿಕೊಳ್ಳುವುದರಲ್ಲಿ ನಾಚಿಕೆ ಪಡಬೇಕಾದ್ದಿಲ್ಲ.

ನಾಲ್ಕನೆಯದು ಸ್ಟಾರ್ಟ್ ಮಾಡುವ ಬಗೆ. ಯೂರೋಪಿನ ಕಂಪೆನಿಗಳು ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಏರ್ಪಾಡನ್ನು ಟೂ ಸ್ಟ್ರೋಕ್‌ಗೂ ತಂದಿವೆ. ಯಮಹಾ ವೈಜೆಡ್ 250 ಮಾತ್ರ ಇನ್ನೂ ಕಿಕ್ಕರನ್ನೇ ನಂಬಿದೆ. ಮನೆಯಂಗಳದಲ್ಲಿ ಕಿಕ್ ಹೊಡೆಯುವುದು ಸುಲಭ. ಬಂಡೆಗಳ ನಡುವೆ ಬಿದ್ದು, ಎದುಸಿರು ಬಿಡುತ್ತ, ಓರೆಯಾದ ನೆಲದಲ್ಲಿ ಹತ್ತನೆಯ ಬಾರಿ ಕಿಕ್ ಹೊಡೆಯುವಾಗ ಮೊಣಕಾಲಿಗೆ ನಿಜವಾದ ವಯಸ್ಸು ತಿಳಿಯುತ್ತದೆ. ಇನ್ನೊಂದು ಕಡೆ, ವೈಜೆಡ್ ಎಂಜಿನ್ನಿನ ಮೂಲ ವಿನ್ಯಾಸ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಹೆಚ್ಚು ಬದಲಾಗಿಲ್ಲ. ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ, ಬ್ಯಾಟರಿಯ ತಾಪತ್ರಯವಿಲ್ಲ.

ಹಳೆಯ ಬೈಕು ಕೊಳ್ಳುವವರು ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ಮಾರುವವನು ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಅನುಮಾನಿಸಬೇಕು. ಗಾಳಿಯ ಫಿಲ್ಟರ್ ತೆಗೆದು ನೋಡಿದರೆ ಹಿಂದಿನ ಮಾಲೀಕನ ಸ್ವಭಾವ ತಿಳಿಯುತ್ತದೆ. ಧೂಳು ಒಳಗೆ ಹೋದ ಟೂ ಸ್ಟ್ರೋಕ್ ಬಹಳ ದಿನ ಬಾಳದು. ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸುತ್ತಿದ್ದಿರಿ ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಬರಬೇಕು. ಆಯಿಲ್ ಬೆರೆಸಲು ಮರೆತು ಒಮ್ಮೆ ಓಡಿಸಿದರೂ ಎಂಜಿನ್ ಸೀಜ್ ಆಗುತ್ತದೆ. ಸಮಾಧಾನದ ವಿಷಯವೆಂದರೆ, ಪಿಸ್ಟನ್ ಸವೆದರೆ ಅದನ್ನು ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಕೈಕೆಲಸ ಬಲ್ಲ ಹವ್ಯಾಸಿ ಮನೆಯಲ್ಲೇ ಮಾಡಿಕೊಳ್ಳಬಹುದು. ಸ್ಪರ್ಧೆಯ ಫೋರ್ ಸ್ಟ್ರೋಕ್ ಎಂಜಿನ್ನಿನ ತಲೆ ಕೆಟ್ಟರೆ ಖರ್ಚಿನ ಪಟ್ಟಿ ಬಹಳ ಉದ್ದ. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ಮುಖ

ಟೂ ಸ್ಟ್ರೋಕ್ ಎಲ್ಲರಿಗೂ ಹೊಂದುತ್ತದೆ ಎನ್ನಲಾಗದು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಫೋರ್ ಸ್ಟ್ರೋಕ್ ಎಂಜಿನ್ ತಾನೇ ಬೈಕನ್ನು ಹಿಡಿದಿಡುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆ ಹಿಡಿತ ತೀರಾ ಕಡಿಮೆ. ಪೂರ್ತಿ ಬ್ರೇಕಿನ ಮೇಲೇ ಇಳಿಯಬೇಕು. ಬಯಲು ದಾರಿಯಲ್ಲಿ ದಿನವಿಡೀ ಸಾಗುವವರಿಗೆ ಫೋರ್ ಸ್ಟ್ರೋಕ್‌ನ ಶಾಂತ ಓಟವೇ ಹಿತ. ಹೊಗೆ ಮತ್ತು ಸದ್ದಿನ ಪ್ರಶ್ನೆಯನ್ನೂ ಹಳೆಯ ನೆನಪಿನ ಹೆಸರಿನಲ್ಲಿ ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಎಷ್ಟೋ ಕಾಡುದಾರಿಗಳು ಬೈಕುಗಳಿಗೆ ಮುಚ್ಚಿದ್ದರ ಹಿಂದೆ ಸುತ್ತಲ ನಿವಾಸಿಗಳ ದೂರುಗಳಿವೆ. ಈಚೆಗೆ ಸ್ಪೇನಿನ ಸ್ಟಾರ್ಕ್ ಕಂಪೆನಿಯಂತಹವರು ಸದ್ದಿಲ್ಲದ, ಹೊಗೆಯಿಲ್ಲದ ವಿದ್ಯುತ್ ಮೋಟೊಕ್ರಾಸ್ ಬೈಕುಗಳನ್ನೂ ತಂದಿದ್ದಾರೆ.

ನಮ್ಮಲ್ಲಿ ಈ ಹವ್ಯಾಸ ಇನ್ನೂ ಎಳೆಯದು. ಡಕಾರ್ ರ್‍ಯಾಲಿಯನ್ನು 2015ರಲ್ಲಿ ಪೂರ್ಣಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಬಳಿ ಮಣ್ಣಿನ ಸವಾರಿ ಕಲಿಸುವ ತಾಣ ರೂಪಿಸಿದ್ದಾರೆ. ಇಂತಹ ಖಾಸಗಿ ಜಾಗಗಳೇ ಇದಕ್ಕೆ ತಕ್ಕವು. ಅನುಮತಿಯಿಲ್ಲದೆ ಕಾಡಿನೊಳಗೆ ಬೈಕು ನುಗ್ಗಿಸುವುದು ಅಪರಾಧ. ಪಶ್ಚಿಮ ಘಟ್ಟದ ಹುಲ್ಲುಗಾವಲಿನ ಮೇಲೆ ಚಕ್ರ ಕೊರೆದ ಗಾಯ ಒಂದು ಮಳೆಗಾಲಕ್ಕೆ ಮಾಯುವುದಿಲ್ಲ.

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿ ಅಭಿಮಾನಿಗಳು ತಮ್ಮ ಹಳೆಯ ಬೈಕುಗಳನ್ನು ಹೊರತೆಗೆದು ಒಂದೆಡೆ ಸೇರುತ್ತಾರೆ. ಅಲ್ಲಿ ಕಿಕ್ ಹೊಡೆಯುವ ನರೆತ ತಲೆಗಳನ್ನೂ, ಕ್ಯಾಲಿಫೋರ್ನಿಯಾದ ಮರಳಿನಲ್ಲಿ ಹೆಲ್ಮೆಟ್ ತೊಡುವ ನರೆತ ತಲೆಗಳನ್ನೂ ಬೆಸೆಯುವುದು ಒಂದೇ ಸದ್ದು. ಆದರೆ ಮೆರವಣಿಗೆಯ ಬೈಕಿಗೂ ಮಣ್ಣಿನ ಬೈಕಿಗೂ ಒಂದು ವ್ಯತ್ಯಾಸವಿದೆ. ಮಣ್ಣಿನಲ್ಲಿ ಬೀಳುವುದು ಖಂಡಿತ. ವಯಸ್ಸಾದ ಮೂಳೆ ಕೂಡಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಗಟ್ಟಿ ಬೂಟು, ಮೊಣಕಾಲಿನ ಕವಚ, ಜೊತೆಗೊಬ್ಬ ಸಂಗಾತಿ ಇವು ಬೈಕಿನಷ್ಟೇ ಮುಖ್ಯ.

ಇಂತಹ ಬೈಕಿನ ತೂಕ ಸುಮಾರು 105 ಕಿಲೋ. ರಸ್ತೆಯ ಬುಲೆಟ್ 190 ಕಿಲೋ ಮೀರುತ್ತದೆ. ಕೊಳ್ಳುವ ಮುನ್ನ ಹಿರಿಯ ಸವಾರ ಮಾಡಬೇಕಾದ ಪರೀಕ್ಷೆ ಒಂದೇ. ಬೈಕನ್ನು ಮೆತ್ತಗೆ ನೆಲಕ್ಕೆ ಮಲಗಿಸಿ, ಯಾರ ನೆರವೂ ಇಲ್ಲದೆ ಎಬ್ಬಿಸಿ ನಿಲ್ಲಿಸಬೇಕು. ಒಮ್ಮೆಯಲ್ಲ, ಐದು ಬಾರಿ. ಐದನೆಯ ಬಾರಿಯೂ ಎಬ್ಬಿಸಲಾದರೆ ಆ ಬೈಕು ಅವನದು. ಆಗದಿದ್ದರೆ, ಅದಕ್ಕಿಂತ ಹಗುರವಾದದ್ದನ್ನು ನೋಡುವುದು ಲೇಸು. ಅರವತ್ತು ವರ್ಷಗಳ ಹಿಂದೆ ಯೂರೋಪಿನ ಕೆಸರು ಕಣಗಳಲ್ಲಿ ಹಾಲ್‌ಮನ್, ಫ್ರೀಡ್ರಿಕ್ಸ್ ತೋರಿಸಿಕೊಟ್ಟ ಪಾಠವೂ ಇದೇ ಆಗಿತ್ತು.